ಲಂಡನ್ನಿನ ಹೊಗೆ: ಕಣ್ಣಿನ ಸಾಕ್ಷ್ಯ, ಕಾಗದದ ಸಾಕ್ಷ್ಯ

ಕ್ರಿ. ಶ. ೧೬೬೧ರಲ್ಲಿ ಜಾನ್ ಈವ್ಲಿನ್ ಎಂಬ ವಿದ್ವಾಂಸನು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ‘ಫ್ಯೂಮಿಫ್ಯೂಜಿಯಂ’ ಎಂಬ ಕಿರುಹೊತ್ತಗೆಯೊಂದನ್ನು ಅರ್ಪಿಸಿದನು. ಲಂಡನ್ ನಗರವನ್ನು ಕವಿದಿದ್ದ ಕಲ್ಲಿದ್ದಲ ಹೊಗೆಯೇ ಅದರ ವಿಷಯ. ಹೊಗೆಯ ಹೊಣೆಯನ್ನು ಆತನು ಬೀರು ಕಾಯಿಸುವವರು, ಬಣ್ಣಗಾರರು, ಸುಣ್ಣ ಸುಡುವವರು, ಉಪ್ಪು ಸಾಬೂನುಗಳನ್ನು ಬೇಯಿಸುವವರು, ಇವರ ತಲೆಯ ಮೇಲೆ ಹೊರಿಸಿದನು. ಅಡಿಗೆಯ ಒಲೆಗಳಿಂದಾಗುವ ಕೇಡು ಎಣಿಕೆಗೆ ಬಾರದೆಂದು ಆತನ ಮತ. ಈ ಉದ್ಯಮಗಳನ್ನು ಥೇಮ್ಸ್ ನದಿಯ ಕೆಳದಿಕ್ಕಿಗೆ ಸಾಗಿಸಿ ನಗರದ ಸುತ್ತ ಪರಿಮಳದ ಗಿಡಗಳನ್ನು ಬೆಳೆಸಬೇಕೆಂದು ಆತನು ಸೂಚಿಸಿದನು. ದೊರೆ ಮೆಚ್ಚಿದನು; ಕಾರ್ಯ ನಡೆಯಲಿಲ್ಲ. ಆರೋಪ ಮಾತ್ರ ಎರಡೂವರೆ ಶತಮಾನ ಉಳಿಯಿತು.

ಉಳಿದುದು ಆಶ್ಚರ್ಯವಲ್ಲ. ಹೊಗೆಯನ್ನು ಅಳೆಯಲು ಆಗ ಕಣ್ಣೊಂದೇ ಸಾಧನ. ಕಾರ್ಖಾನೆಯ ಎತ್ತರದ ಹೊಗೆಗೂಡು ಕಣ್ಣಿಗೆ ಬೀಳುವುದು, ಲಕ್ಷಾಂತರ ಮನೆಗಳ ಸಣ್ಣ ಹೊಗೆಗೂಡುಗಳು ಬೀಳವು. ೧೮೫೩ರ ಲಂಡನ್ ಕಾಯಿದೆಯೂ ಕುಲುಮೆಗಳನ್ನೂ ಉಗಿದೋಣಿಗಳನ್ನೂ ಹಿಡಿದು ಮನೆಗಳನ್ನು ಬಿಟ್ಟಿತು. ೧೮೮೮ರಲ್ಲಿ ಪ್ಯಾರಿಸ್ಸಿನ ರಿಂಗಲ್‌ಮನ್ ರಚಿಸಿದ ಪಟವು ಇದೇ ದೃಷ್ಟಿಗೆ ಅಂಕಿಗಳನ್ನು ಕೊಟ್ಟಿತು. ಬಿಳಿಯ ಹಾಳೆಯ ಮೇಲೆ ಕಪ್ಪು ಗೆರೆಗಳ ಜಾಲ. ದೂರದಿಂದ ನೋಡಿದರೆ ಗೆರೆಗಳು ಬೆರೆತು ಬೂದುಬಣ್ಣವಾಗುತ್ತವೆ. ಹೊಗೆಯನ್ನು ಅದರೊಡನೆ ಹೋಲಿಸಿ ಸೊನ್ನೆಯಿಂದ ಐದರವರೆಗೆ ಅಂಕ ಕೊಡುವುದು. ಉಪಾಯ ಸುಲಭ, ಅಗ್ಗ. ಆದರೆ ಒಂದು ಹೊಗೆಗೂಡಿನ ಬಾಯಿಗಷ್ಟೇ ಸಲ್ಲುವಂಥದು.

ನಗರದ ಗಾಳಿಯನ್ನೇ ಅಳೆಯುವ ಕ್ರಮಬದ್ಧ ಪ್ರಯತ್ನ ಬ್ರಿಟನ್ನಿನಲ್ಲಿ ೧೯೧೨ರಲ್ಲಿ ಏರ್ಪಟ್ಟ ಸಮಿತಿಯೊಂದರಿಂದ ಬಲಗೊಂಡಿತು. ಅದರ ಜೀವಾಳ ಜಾನ್ ಸ್ವಿಟ್ಜರ್ ಓವೆನ್ಸ್. ವೈದ್ಯನೂ ಹೌದು, ಎಂಜಿನಿಯರನೂ ಹೌದು. ಮಳೆಯೊಡನೆ ಇಳಿಯುವ ಮಸಿಯನ್ನು ದೊಡ್ಡ ಆಲಿಕೆಯಿಂದ ಸೀಸೆಗೆ ಹಿಡಿದು ತಿಂಗಳಿಗೊಮ್ಮೆ ತೂಗುವುದು ಒಂದು ಬಗೆ. ಓವೆನ್ಸನ ಯಂತ್ರ ಇದಕ್ಕಿಂತ ಸೂಕ್ಷ್ಮ. ಗಡಿಯಾರದ ಗತಿಯಲ್ಲಿ ತಿರುಗುವ ಬಿಳಿಯ ಶೋಧಕಾಗದದ ಮೂಲಕ ಅದು ಗೊತ್ತಾದ ಅಳತೆಯ ಗಾಳಿಯನ್ನು ಮತ್ತೆ ಮತ್ತೆ ಹೀರುತ್ತಿತ್ತು; ಪ್ರತಿ ಬಾರಿಯೂ ಒಂದು ಕಲೆ. ಕಲೆಯ ಕಪ್ಪಿನಿಂದ ಆ ಹೊತ್ತಿನ ಹೊಗೆ ತಿಳಿಯುವುದು. ಬೆಳಗ್ಗೆ ಮನೆಮನೆಯಲ್ಲಿ ಬೆಂಕಿ ಹೊತ್ತಿಸುವ ವೇಳೆಗೆ ಕಲೆಗಳು ಕಪ್ಪಾಗುತ್ತಿದ್ದುವು. ಭಾನುವಾರ ಈ ಏರಿಕೆ ತಡವಾಗಿ ಬರುತ್ತಿತ್ತು: ಜನ ತಡವಾಗಿ ಏಳುತ್ತಿದ್ದರು! ಕಾರ್ಖಾನೆಗಳು ಮುಚ್ಚಿದ ದಿನವೂ ಹೊಗೆ ಬಂದಮೇಲೆ ಹಳೆಯ ಆರೋಪಪಟ್ಟಿಗೆ ಬೆಲೆಯೇನು? ಲಂಡನ್ನಿನ ಹೊಗೆಯಲ್ಲಿ ಹೆಚ್ಚಿನ ಪಾಲು ಮನೆಯ ಅಗ್ಗಿಷ್ಟಿಕೆಯದೆಂದು ಓವೆನ್ಸನೂ ನೇಪಿಯರ್ ಶಾನೂ ೧೯೨೫ರ ತಮ್ಮ ಗ್ರಂಥದಲ್ಲಿ ವಾದಿಸಿದರು.

ಸಾಕ್ಷ್ಯ ಸಿಕ್ಕಿತು, ಧೈರ್ಯ ಬರಲಿಲ್ಲ. ತೆರೆದ ಬೆಂಕಿ ಆಂಗ್ಲರಿಗೆ ಗೃಹಸೌಖ್ಯದ ಚಿಹ್ನೆ; ಅದನ್ನು ಮುಟ್ಟಿದ ಸರಕಾರ ಮತಗಳನ್ನು ಕಳೆದುಕೊಳ್ಳುವುದೆಂಬ ಭಯ. ಮುಂದೆ ೧೯೫೨ರ ಡಿಸೆಂಬರ್ ೫ರಿಂದ ೯ರವರೆಗೆ ನಿಶ್ಚಲವಾದ ತಣ್ಣನೆಯ ಗಾಳಿ ನಗರದ ಮೇಲೆ ಕುಳಿತಿತು. ಹೊಗೆಯೂ ಗಂಧಕದ ಅನಿಲವೂ ಮಂಜಿನೊಡನೆ ಬೆರೆತುವು. ಸತ್ತವರು ಸುಮಾರು ೪,೦೦೦ ಎಂದು ಅಂದಿನ ಅಂದಾಜು. ನಂತರದ ವಾರಗಳ ಸಾವುಗಳನ್ನು ಸರಕಾರ ಇನ್‌ಫ್ಲೂಯೆಂಜಾದ ಲೆಕ್ಕಕ್ಕೆ ಬರೆಯಿತು. ೨೦೦೧ರಲ್ಲಿ ಬೆಲ್ ಮತ್ತು ಡೇವಿಸ್ ಅವನ್ನೂ ಪರಿಶೀಲಿಸಿ ಸಂಖ್ಯೆಯನ್ನು ೧೨,೦೦೦ದ ಸಮೀಪಕ್ಕೆ ಒಯ್ದರು. ೧೯೫೬ರ ಶುದ್ಧ ವಾಯು ಕಾಯಿದೆಯು ಕೊನೆಗೂ ಮನೆಯೊಳಗೆ ಕಾಲಿಟ್ಟಿತು. ಬಹುಶಃ ಅದರ ಜಾಣ್ಮೆಯೆಲ್ಲ ಒಂದೇ ಅಂಶದಲ್ಲಿದೆ: ಹೊಗೆ ನಿಷೇಧಿಸಿದ ವಲಯಗಳಲ್ಲಿ ಅಗ್ಗಿಷ್ಟಿಕೆ ಬದಲಿಸುವ ವೆಚ್ಚದಲ್ಲಿ ಹತ್ತರಲ್ಲಿ ಏಳು ಪಾಲು ಮನೆಯವನಿಗೆ ಮರಳಿ ಸಿಗುತ್ತಿತ್ತು.

ಭಾರತಕ್ಕೆ ಬಂದುದು ಆ ಹಳೆಯ ದೃಷ್ಟಿಯೇ. ೧೯೦೫ರ ಬಂಗಾಳದ ಹೊಗೆ ಕಾಯಿದೆಯು ಶವದಹನದ ಬೆಂಕಿಯನ್ನೂ ಮನೆಬಳಕೆಯ ಒಲೆಯನ್ನೂ ‘ಕುಲುಮೆ’ಯ ಅರ್ಥದಿಂದ ಹೊರಗಿಟ್ಟಿತು, ೧೯೧೨ರಲ್ಲಿ ಮುಂಬಯಿಗೂ ಒಂದು ಹೊಗೆ ಕಾಯಿದೆ ಬಂತು. ಇಲ್ಲಿಯ ಒಲೆ ಸೌಖ್ಯದ್ದಲ್ಲ, ಬಡತನದ್ದು. ಸೌದೆ ಬೆರಣಿಗಳ ಹೊಗೆ ಮೊದಲು ಸೇರುವುದು ಒಲೆಯ ಮುಂದೆ ಕುಳಿತ ಹೆಂಗಸಿನ ಎದೆಗೆ. ಬಡವರ ಮನೆಗೆ ಅಡಿಗೆ ಅನಿಲವನ್ನು ಒದಗಿಸುವ ಉಜ್ವಲಾ ಯೋಜನೆ ಪ್ರಾರಂಭವಾದುದು ೨೦೧೬ರಲ್ಲಿ.