ಕೆಂಪು ನಲ್ಲಿಯ ತಣ್ಣೀರು

1442ರಲ್ಲಿ ಹಿರಾತದ ದೊರೆ ಶಾಹ್ ರುಖ್‌ನ ರಾಯಭಾರಿಯಾಗಿ ಹೊರಟ ಅಬ್ದುರ್ ರಜಾಕ್, ಹೋರ್ಮುಜ್‌ನಿಂದ ಮಸ್ಕತ್‌ಗೆ ಬಂದ. ಮುಂದೆ ಅವನು ಮಂಗಳೂರಿನ ಮೇಲೆ ಹಾದು ಎರಡನೆಯ ದೇವರಾಯನ ವಿಜಯನಗರವನ್ನು ಕಂಡು ಬರೆದದ್ದು ನಮಗೆ ಶಾಲೆಯ ದಿನಗಳಿಂದಲೇ ಗೊತ್ತು. ಒಮಾನ್ ಕರಾವಳಿಯ ಸೆಕೆಯ ಬಗ್ಗೆ ಅವನು ಬರೆದದ್ದು ಅಷ್ಟು ಪರಿಚಿತವಲ್ಲ. ಕುರಿಯಾತ್, ಕಲ್ಹಾತ್‌ಗಳ ದಾರಿಯಲ್ಲಿ ಅವನು ಕಾಯಿಲೆ ಬಿದ್ದ. ಜೊತೆಗಿದ್ದ ಅಣ್ಣ ತೀರಿಕೊಂಡ. ಅದೇ ಕುರಿಯಾತ್‌ನಲ್ಲಿ 2018ರ ಜೂನ್ 26ರಂದು ರಾತ್ರಿಯೂ ಉಷ್ಣಾಂಶ 42.6 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಇಂಥ ಕರಾವಳಿಯಲ್ಲಿ ಬಿಸಿನೀರಿನ ಚರಿತ್ರೆ ಬರೆಯ ಹೊರಟರೆ ಅದರಲ್ಲಿ ಅರ್ಧ ತಣ್ಣೀರಿನದೇ ಆಗುತ್ತದೆ.

ಮತ್ರಾ ಇರುವುದು ಮಸ್ಕತ್‌ನ ಮಗ್ಗುಲಲ್ಲೇ. ಮುಂದೆ ಕಡಲು, ಹಿಂದೆ ಹಸಿರಿಲ್ಲದ ಕಲ್ಲುಗುಡ್ಡ. ಹಗಲಿಡೀ ಕಾದ ಬಂಡೆ ರಾತ್ರಿ ತನ್ನ ಕಾವನ್ನು ಊರ ಮೇಲೆ ಬಿಡುತ್ತದೆ. ಮಂಗಳೂರಿನ ಅಕ್ಕಿ ಈ ಕರಾವಳಿಗೆ ಬರುತ್ತಿತ್ತು. ಟಿಪ್ಪು ಸುಲ್ತಾನನ ವ್ಯಾಪಾರದ ಕೋಠಿಯೂ ಮಸ್ಕತ್‌ನಲ್ಲಿತ್ತು. ಆಗೆಲ್ಲ ನೀರೆಂದರೆ ಬಾವಿಯ ನೀರು. ಅದನ್ನು ತಣ್ಣಗಿಡಲು ಜಹ್ಲಾ ಎಂಬ ಮಣ್ಣಿನ ಪಾತ್ರೆಯನ್ನು ಗಾಳಿಗೆ ತೂಗುಹಾಕುತ್ತಿದ್ದರು. ನಮ್ಮ ಹೂಜಿಯ ಹಾಗೆ ಅದೂ ಬೆವರಿ ತಂಪಾಗುತ್ತದೆ.

1970ರಲ್ಲಿ ಸುಲ್ತಾನ್ ಖಾಬೂಸ್ ಪಟ್ಟಕ್ಕೆ ಬಂದರು. 1976ರಲ್ಲಿ ಗುಬ್ರಾದಲ್ಲಿ ಕಡಲ ನೀರನ್ನು ಸಿಹಿ ಮಾಡುವ ಸ್ಥಾವರ ಶುರುವಾಯಿತು. ಕೊಳಾಯಿ ಬಂತು, ತಾರಸಿಯ ಮೇಲೆ ಟ್ಯಾಂಕ್ ಬಂತು, ಬಚ್ಚಲುಮನೆಗೆ ಗೀಸರ್ ಬಂತು. ಊರಲ್ಲಿ ಹಂಡೆಯ ಒಲೆಗೆ ಸೌದೆ ಒಟ್ಟಿ, ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿದ್ದ ಕನ್ನಡಿಗರು ಇಲ್ಲಿಗೆ ಬಂದು ಹೊಸದೊಂದು ಪಾಠ ಕಲಿತರು.

ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಮೈಗೆ ಹಾಕಿಕೊಳ್ಳಲಾರದಷ್ಟು ಸುಡುತ್ತದೆ. ಆಗ ಗೀಸರ್ ಆರಿಸಬೇಕು. ಏಸಿಯ ತಂಪಿರುವ ಮನೆಯೊಳಗೆ ಅದರಲ್ಲಿ ನಿಂತ ನೀರು ನಿಧಾನವಾಗಿ ತಣಿಯುತ್ತದೆ. ಮೇ ತಿಂಗಳಿಂದಾಚೆಗೆ ಕೆಂಪು ಗುರುತಿನ ನಲ್ಲಿಯಲ್ಲಿ ತಣ್ಣೀರು, ನೀಲಿಯಲ್ಲಿ ಬಿಸಿನೀರು! ಆದರೆ ಒಬ್ಬರು ಮಿಂದು ಮುಗಿಸುವಷ್ಟರಲ್ಲಿ ಸುಡುವ ನೀರು ಮತ್ತೆ ಒಳಗೆ ತುಂಬಿಕೊಳ್ಳುತ್ತದೆ. ಐದಾರು ಜನ ಹಂಚಿಕೊಂಡಿರುವ ಕೋಣೆಯಲ್ಲಿ ಮೊದಲು ಎದ್ದವನೇ ಪುಣ್ಯವಂತ.

ಈ ಉಪಾಯಕ್ಕೊಂದು ಎಚ್ಚರಿಕೆ ಬೇಕು. ಉಗುರುಬೆಚ್ಚಗೆ ದಿನಗಟ್ಟಲೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಅದರ ಹನಿ ಉಸಿರಿನೊಡನೆ ಒಳಹೋದರೆ ನ್ಯುಮೋನಿಯಾ ಬರಬಹುದು. ರಜೆಗೆ ಊರಿಗೆ ಹೋಗಿ ಬಂದಾಗ ಮೊದಲು ಹಳೆಯ ನೀರನ್ನು ಹರಿಯಬಿಡಿ; ಆಮೇಲೆ ಗೀಸರನ್ನು ಕೆಲವು ಗಂಟೆ 60 ಡಿಗ್ರಿಗೆ ಕಾಯಿಸಿ.

ಡಿಸೆಂಬರ್‌ನಲ್ಲಿ ಮತ್ತೆ ಸ್ವಿಚ್ ಒತ್ತಿದಾಗ ತೊಂದರೆಗಳು ಕಾಣುತ್ತವೆ. ನೀರು ಬಿಸಿಯಾಗದಿದ್ದರೆ, ಮೇನ್ ಆರಿಸಿ, ಥರ್ಮೋಸ್ಟಾಟ್‌ನ ಮರುಚಾಲನೆಯ ಗುಂಡಿಯನ್ನು ಒಮ್ಮೆ ಒತ್ತಬಹುದು. ಮತ್ತೆ ಹಾರಿದರೆ ಥರ್ಮೋಸ್ಟಾಟ್ ಕೆಟ್ಟಿರಬಹುದು. ಷವರ್‌ನ ಧಾರೆ ಸಣ್ಣಗಾದರೆ ಜಾಲರಿ ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಹಾಕಿ. ಹಂಡೆಗೆ ಹುಣಸೆಹಣ್ಣು ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಈ ಹುಳಿ ಮಾಡುತ್ತದೆ. ನೀರು ಕಾಯುವಾಗ ಸೇಫ್ಟಿ ವಾಲ್ವ್ ನಾಲ್ಕು ಹನಿ ತೊಟ್ಟಿಕ್ಕಿದರೆ ಗಾಬರಿ ಬೇಡ. ಬಿಸಿಯಾದ ನೀರು ಹಿಗ್ಗುತ್ತದೆ, ಅದಕ್ಕೆ ಹೊರದಾರಿ ಬೇಕು. ಆ ಬಾಯಿಯನ್ನು ಮಾತ್ರ ಎಂದೂ ಮುಚ್ಚಬೇಡಿ. ಒತ್ತಡ ಏರಿ ಗೀಸರ್ ಸಿಡಿದೀತು.

ಎಂಸಿಬಿ ಬೀಳುತ್ತಲೇ ಇದ್ದರೆ ಹೀಟರ್ ಕಾಯಿಲ್ ಒಡೆದು ಕರೆಂಟು ನೀರಿಗೆ ಸೋರುತ್ತಿರಬಹುದು. ಒತ್ತಿಹಿಡಿದು ನಿಲ್ಲಿಸುವ ಜಾಣತನ ಅಲ್ಲಿ ಸಲ್ಲದು. ಒದ್ದೆ ಮೈಗೆ 240 ವೋಲ್ಟ್ ಸಾವು ತರುತ್ತದೆ. ಗೀಸರ್ ಆರಿಸಿ, ಎಲೆಕ್ಟ್ರಿಷಿಯನ್ನನ್ನು ಕರೆಸಬೇಕು. ಹಂಡೆಯ ಕಾಲದಲ್ಲಿ ಅಪಾಯ ಉರಿಯಾಗಿ, ಹೊಗೆಯಾಗಿ ಕಣ್ಣಿಗೆ ಕಾಣುತ್ತಿತ್ತು. ಗೀಸರ್ ಅದನ್ನು ಗೋಡೆಯ ಮೇಲಿನ ಬಿಳಿ ಡಬ್ಬಿಯೊಳಗೆ ಬಚ್ಚಿಟ್ಟಿದೆ. ಮನೆಯ ರಿಪೇರಿಯನ್ನು ನಾವೇ ಮಾಡಿಕೊಳ್ಳುವಾಗ ಮೊದಲು ಕಲಿಯಬೇಕಾದದ್ದು, ಯಾವುದಕ್ಕೆ ಕೈಹಾಕಬಾರದು ಎಂಬುದನ್ನು.