ಗಿರಣಿಯ ಜೊತೆ ಹೋದ ಆಸರೆ

ದಾವಣಗೆರೆಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಹೆಸರಿದ್ದ ಕಾಲವದು. ನೆರೆಯ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು. ಇಂಥ ಕಡೆ ದುಡಿಯುವವನಿಗೆ ಮನಸ್ಸಿನ ಕಾಯಿಲೆ ಬಂದರೆ ಅವನ ದುಡಿಮೆಯ ಗತಿಯೇನು?

1912ರ ಕಾಯ್ದೆಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ರೋಗಿಯನ್ನು ಎಲ್ಲಿ, ಹೇಗೆ ಕೂಡಿಹಾಕಬೇಕು ಎಂಬುದಷ್ಟೇ ಅದರ ಚಿಂತೆ. ಚಿಕಿತ್ಸೆಗೆ ದೂರದ ಬೆಂಗಳೂರಿಗೆ ಹೋಗಬೇಕಿತ್ತು. ಜೊತೆಗೆ ಹೋಗುವ ಅಣ್ಣನೋ ಅಪ್ಪನೋ ತನ್ನ ಕೂಲಿಯನ್ನೂ ಬಿಡಬೇಕಿತ್ತು. ಕಾಯಿಲೆ ಒಬ್ಬನದು, ನಷ್ಟ ಇಬ್ಬರ ದುಡಿಮೆಯದು.

ಈ ನಷ್ಟ ವಾಸಿಯಾದ ಮೇಲೂ ನಿಲ್ಲುವುದಿಲ್ಲ. ಸ್ಕಿಜೋಫ್ರೀನಿಯಾದಂಥ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಪ್ರಾಯದಲ್ಲಿ. ಲೇತ್ ಮುಂದೆ ನಿಂತು ಕೈ ಪಳಗಿಸಿಕೊಳ್ಳುವ ವಯಸ್ಸೂ ಅದೇ. ಆಗ ತಪ್ಪಿದ ಕಸುಬು ನಲವತ್ತರಲ್ಲಿ ಕೈಗೆ ಬರುವುದು ಕಷ್ಟ. ಕೆಲಸ ಬಿಟ್ಟ ವರ್ಷಗಳ ಬಗ್ಗೆ ಮಾಲೀಕ ಕೇಳಿದರೆ ಹೇಳಲು ಬಾಯಿ ಬರುವುದಿಲ್ಲ.

ಸಂಘಟಿತ ಕಾರ್ಮಿಕನಿಗೆ 1948ರ ಇಎಸ್‌ಐ ಕಾಯ್ದೆ ಆಸರೆಯಾಯಿತು. ಅದರ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿ ಇಂದು ತೀವ್ರ ಮನೋರೋಗಗಳೂ ಇವೆ. ನಿಗದಿತ ಅವಧಿ ವಂತಿಗೆ ಕಟ್ಟಿದವರಿಗೆ ಎರಡು ವರ್ಷದವರೆಗೆ ಕೂಲಿಯ ಶೇ 80ರಷ್ಟು ಸಿಗುತ್ತದೆ. ಆದರೆ ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಕಿರ್ಲೋಸ್ಕರ್ ಕೂಡ ಉಳಿಯಲಿಲ್ಲ. ಸಂಬಳದ ಜೊತೆಗೆ ಈ ಆಸರೆಯೂ ಹೋಯಿತು. ಮಂಡಕ್ಕಿ ಭಟ್ಟಿಯಲ್ಲೋ ಹಮಾಲಿಯಲ್ಲೋ ದಿನಗೂಲಿಗೆ ನಿಂತವನಿಗೆ ಇಎಸ್‌ಐ ಚೀಟಿ ಎಲ್ಲಿಯದು?

ದೂರದ ಸಮಸ್ಯೆಗೆ ಉತ್ತರ ಸಿಕ್ಕಿದ್ದು ನೆರೆಯಲ್ಲೇ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ನೀಡಿ ಅಲ್ಲಿಯೇ ಔಷಧ ಸಿಗುವಂತೆ ಮಾಡಿತು. ದಾವಣಗೆರೆಗೆ ಹತ್ತಿರದ ಹರಪನಹಳ್ಳಿ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಈ ಪ್ರಯೋಗವೇ 1996ರ ರಾಷ್ಟ್ರವ್ಯಾಪಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಕಾನೂನೂ ಬದಲಾಯಿತು. 1995ರ ಅಂಗವಿಕಲರ ಕಾಯ್ದೆ ಮನೋರೋಗವನ್ನು ಅಂಗವೈಕಲ್ಯದ ಪಟ್ಟಿಗೆ ಸೇರಿಸಿದರೂ ನೌಕರಿಯ ಮೀಸಲಾತಿ ಕೊಡಲಿಲ್ಲ. 2016ರ ಕಾಯ್ದೆ, ಇತರ ಕೆಲವು ವೈಕಲ್ಯಗಳೊಂದಿಗೆ ಹಂಚಿಕೊಳ್ಳುವಂತೆ, ಶೇ 1ರಷ್ಟು ಮೀಸಲಿಟ್ಟಿತು. ಕೆಲಸದಲ್ಲಿದ್ದಾಗ ವೈಕಲ್ಯ ಬಂದರೆ ವಜಾ ಮಾಡುವಂತಿಲ್ಲ ಎಂಬ ರಕ್ಷಣೆಯೂ ಅದರಲ್ಲಿದೆ. ಆದರೆ ಎರಡೂ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ.

ಮಾತ್ರೆ ಇಂದು ಊರಿನಲ್ಲೇ ಸಿಗುತ್ತದೆ. ವಾಸಿಯಾಗಿ ಬಂದ ದಿನಗೂಲಿಯವನನ್ನು ಮತ್ತೆ ಕೆಲಸಕ್ಕೆ ಕರೆಯುವವರು ಯಾರು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.