ಸ್ಯಾಕರಿನ್ ಉಂಗುರದಿಂದ ಕೀಲುನೋವಿನ ಮಾತ್ರೆಗೆ

ಸಕ್ಕರೆ ಕಾಯಿಲೆಯವರ ಚಹಾಕ್ಕೆ ಸಿಹಿ ಕೊಡುವ ಸ್ಯಾಕರಿನ್‌ಗೂ ಕೀಲುನೋವಿಗೆ ವೈದ್ಯರು ಬರೆದುಕೊಡುವ ಪೈರಾಕ್ಸಿಕಾಂ ಮಾತ್ರೆಗೂ ಏನು ನಂಟು? ರಸಾಯನ ವಿಜ್ಞಾನಿಗಳನ್ನು ಕೇಳಿದರೆ ಹತ್ತಿರದ ರಕ್ತಸಂಬಂಧವೇ ಎನ್ನುತ್ತಾರೆ. ಎರಡು ಆಮ್ಲಜನಕಗಳನ್ನು ಹೊತ್ತ ಒಂದು ಗಂಧಕ, ಅದರ ಪಕ್ಕದಲ್ಲೊಂದು ಸಾರಜನಕ: ಈ ಗುಂಪಿಗೆ ಸಲ್ಫೋನಮೈಡ್ ಎಂದು ಹೆಸರು. ಗಂಧಕ ಮತ್ತು ಸಾರಜನಕ ಎರಡೂ ಒಂದೇ ಉಂಗುರದೊಳಗೆ ಸೇರಿಕೊಂಡರೆ ಅದು ಚಕ್ರೀಯ ಸಲ್ಫೋನಮೈಡ್.

ಇಂಥ ಉಂಗುರಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ರೂಪುಗೊಂಡದ್ದು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಪ್ರೊ. ಐರಾ ರೆಮ್ಸೆನ್ ಟಾಲ್ವೀನ್ ಮೂಲದ ಸಲ್ಫೋನಮೈಡ್‌ಗಳನ್ನು ಉತ್ಕರ್ಷಣಕ್ಕೆ ಒಳಪಡಿಸಿ ಅಭ್ಯಸಿಸುತ್ತಿದ್ದರು. ಅವರ ಪ್ರಯೋಗಾಲಯಕ್ಕೆ ಬಂದು ಸೇರಿದವರು ರಷ್ಯಾದಲ್ಲಿ ಹುಟ್ಟಿದ ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್. ಒಂದು ರಾತ್ರಿ ಊಟಕ್ಕೆ ಕುಳಿತಾಗ ಅವರ ಕೈಯಲ್ಲಿದ್ದ ಬ್ರೆಡ್ ವಿಪರೀತ ಸಿಹಿಯಾಗಿತ್ತು. ಸಿಹಿ ಬ್ರೆಡ್‌ನದಲ್ಲ, ಸರಿಯಾಗಿ ತೊಳೆಯದ ಕೈಯದು! ತಕ್ಷಣ ಪ್ರಯೋಗಾಲಯಕ್ಕೆ ಮರಳಿ, ಮೇಜಿನ ಮೇಲಿದ್ದ ಪಾತ್ರೆಗಳನ್ನೆಲ್ಲ ರುಚಿ ನೋಡಿದರಂತೆ. ಇಂದಿನ ವಿದ್ಯಾರ್ಥಿಗಳು ಖಂಡಿತ ಅನುಕರಿಸಬಾರದ ಸಾಹಸವಿದು.

ಪಾತ್ರೆಯಲ್ಲಿ ನಡೆದದ್ದಿಷ್ಟು. ಉತ್ಕರ್ಷಣದಿಂದ ಟಾಲ್ವೀನಿನ ಮೀಥೈಲ್ ಗುಂಪು ಆಮ್ಲವಾಯಿತು. ಆ ಆಮ್ಲ ನೆರೆಯಲ್ಲೇ ಇದ್ದ ಸಾರಜನಕದ ಕೈಹಿಡಿಯಿತು, ನೀರು ಹೊರಬಿತ್ತು, ಐದು ಪರಮಾಣುಗಳ ಉಂಗುರ ಮುಚ್ಚಿಕೊಂಡಿತು. ಸಕ್ಕರೆಗಿಂತ ಸುಮಾರು 300 ಪಟ್ಟು ಸಿಹಿ!

1879ರಲ್ಲಿ ಇಬ್ಬರೂ ಸೇರಿ ಸಂಶೋಧನೆಯನ್ನು ಪ್ರಕಟಿಸಿದರು. ಆದರೆ ಮುಂದೆ ಪೇಟೆಂಟ್ ಪಡೆದಾಗ ಫಾಲ್‌ಬರ್ಗ್ ಗುರುವಿನ ಹೆಸರನ್ನೇ ಕೈಬಿಟ್ಟರು. ಜರ್ಮನಿಯಲ್ಲಿ ಕಾರ್ಖಾನೆ ತೆರೆದು ಶ್ರೀಮಂತರಾದರು. ರೆಮ್ಸೆನ್‌ಗೆ ಹಣದ ಆಸೆ ಅಷ್ಟಾಗಿರಲಿಲ್ಲ. ಆದರೆ ಶ್ರೇಯಸ್ಸು ಕೈತಪ್ಪಿದ ಕಹಿಯನ್ನು ಅವರು ಕೊನೆಯವರೆಗೂ ನುಂಗಲಿಲ್ಲ. ಸಿಹಿಯನ್ನು ಗುರುತಿಸಿದ್ದು ಫಾಲ್‌ಬರ್ಗ್‌ರ ನಾಲಿಗೆ, ನಿಜ. ಆದರೆ ರೆಮ್ಸೆನ್‌ರ ಸಂಶೋಧನೆಯ ಜಾಡಿಲ್ಲದೆ ರುಚಿ ನೋಡಲು ಪಾತ್ರೆಯಾದರೂ ಎಲ್ಲಿರುತ್ತಿತ್ತು?

ಔಷಧ ತಯಾರಕರಿಗೆ ಈ ಉಂಗುರದ ಮೇಲೆ ಕಣ್ಣು ಬಿದ್ದದ್ದು ಬಹಳ ತಡವಾಗಿ. ತೆರೆದ ಸರಪಳಿಯ ಅಣು ಹತ್ತಾರು ಭಂಗಿಗಳಲ್ಲಿ ತಿರುಚಿಕೊಳ್ಳುತ್ತದೆ. ಉಂಗುರವಾದರೆ ಆಕಾರ ನಿಲ್ಲುತ್ತದೆ. ಹೊಸೆದ ನೂಲು ಸೂಜಿಯ ಕಣ್ಣಿಗೆ ಸುಲಭವಾಗಿ ಹೊಗುವಂತೆ, ಸರಿಯಾದ ಆಕಾರದ ಇಂಥ ಅಣು ದೇಹದ ಪ್ರೋಟೀನುಗಳಲ್ಲಿ ಸುಲಭವಾಗಿ ಕೂರುತ್ತದೆ. 1960ರ ದಶಕದಲ್ಲಿ ಫೈಜರ್ ಕಂಪೆನಿಯ ಜೋಸೆಫ್ ಲೊಂಬಾರ್ಡಿನೊ ಮತ್ತು ಸಂಗಡಿಗರು ಊತ, ನೋವು ಇಳಿಸುವ ಹೊಸ ಬಗೆಯ ಅಣುವಿನ ಹುಡುಕಾಟಕ್ಕೆ ತೊಡಗಿದರು. ವರ್ಷಗಳ ಬಳಿಕ ಸಿಕ್ಕಿದ್ದು ಪೈರಾಕ್ಸಿಕಾಂ. ಅದರ ತಯಾರಿಕೆಗೆ ಕಚ್ಚಾವಸ್ತು ನಮ್ಮ ಹಳೆಯ ಸ್ಯಾಕರಿನ್! ಅದರ ಉಂಗುರವನ್ನು ಬಿಚ್ಚಿ, ಒಂದು ಇಂಗಾಲವನ್ನು ಹೆಚ್ಚಿಗೆ ಸೇರಿಸಿ, ಆರು ಪರಮಾಣುಗಳ ಉಂಗುರವಾಗಿ ಮತ್ತೆ ಮುಚ್ಚುತ್ತಾರೆ.

1980ರಲ್ಲಿ ಮಾತ್ರೆ ಮಾರುಕಟ್ಟೆಗೆ ಬಂತು. ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 50 ಗಂಟೆ ಬೇಕು. ಹಾಗಾಗಿ ದಿನಕ್ಕೊಂದು ಮಾತ್ರೆ ಸಾಕು. ಆದರೆ ಜಠರದಲ್ಲಿ ಹುಣ್ಣು, ರಕ್ತಸ್ರಾವ, ಚರ್ಮದ ತೀವ್ರ ತೊಂದರೆಗಳ ದೂರೂ ಬೆನ್ನಿಗೇ ಇತ್ತು. 2007ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಇದನ್ನು ಮೊದಲ ಆಯ್ಕೆಯಾಗಿ ಕೊಡಬಾರದೆಂದೂ, ದಿನಕ್ಕೆ 20 ಮಿಲಿಗ್ರಾಂ ಮೀರಬಾರದೆಂದೂ ಸೂಚಿಸಿದರು.